ಓದು ಬಾರದ ಮಗುವಿಗೆ ಯಾವುದನ್ನು ಕಲಿಸಬೇಕು?

(ಶಿಕ್ಷಕರು ಮತ್ತು ಪೋಷಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿದ್ದ ಪುನರುಕ್ತಿಗಳನ್ನು ಕೈಬಿಡಲಾಗಿದೆ. ಸಭಿಕರ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು ಕೊನೆಯಲ್ಲಿವೆ.)

ಶಿಕ್ಷಕ ಮಿತ್ರರೇ, ತಂದೆತಾಯಿಗಳೇ,

"ಈ ಮಗುವಿಗೆ ಓದು ಬರುತ್ತಿಲ್ಲ" ಎಂಬ ದೂರನ್ನು ನಾವೆಲ್ಲರೂ ಕೇಳಿದ್ದೇವೆ, ಹೇಳಿಯೂ ಇದ್ದೇವೆ. ಆ ಒಂದೇ ಮಾತಿನೊಳಗೆ ಒಬ್ಬರನ್ನೊಬ್ಬರು ಕಿಂಚಿತ್ತೂ ಹೋಲದ ಮಕ್ಕಳು ಸೇರಿಹೋಗಿರುತ್ತಾರೆ. ಒಬ್ಬ ಹುಡುಗ ಒಂದೊಂದು ಅಕ್ಷರದ ಮುಂದೆಯೂ ತಡವರಿಸಿ ನಿಲ್ಲುತ್ತಾನೆ, ಪದದ ಕೊನೆಗೆ ಬರುವ ಹೊತ್ತಿಗೆ ಅದರ ಆರಂಭವನ್ನು ಮರೆತಿರುತ್ತಾನೆ. ಆದರೆ ಅದೇ ಕಥೆಯನ್ನು ನಾವು ಓದಿ ಹೇಳಿದರೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುವುದಲ್ಲದೆ, ನಮಗೆ ಹೊಳೆಯದ ಪ್ರಶ್ನೆಯೊಂದನ್ನೂ ತಿರುಗಿ ಕೇಳುತ್ತಾನೆ. ಇನ್ನೊಬ್ಬ ಹುಡುಗಿ ಪಾಠವನ್ನು ನಿಲ್ಲದೆ, ತಪ್ಪಿಲ್ಲದೆ ಓದಿ ಮುಗಿಸುತ್ತಾಳೆ. ಕಥೆಯಲ್ಲಿ ಏನಾಯಿತೆಂದು ಕೇಳಿದರೆ ಪುಸ್ತಕದ ಒಂದು ವಾಕ್ಯವನ್ನೇ ಹುಡುಕಿ ಮತ್ತೊಮ್ಮೆ ಓದುತ್ತಾಳೆ. ನಾವೇ ಓದಿ ಹೇಳಿದರೂ ಅವಳ ಉತ್ತರ ಅಷ್ಟೇ. ಈ ಎರಡೂ ಕಷ್ಟಗಳನ್ನು ಹೊತ್ತ ಮಕ್ಕಳೂ ಕಡಿಮೆಯಿಲ್ಲ. ಈ ಮೂವರಿಗೂ ಒಂದೇ ಪಾಠ, ಒಂದೇ ಅಭ್ಯಾಸ ಪುಸ್ತಕ, ಒಂದೇ ಬಗೆಯ "ಇನ್ನೂ ಹೆಚ್ಚು ಓದಿಸಿ" ಎಂಬ ಸಲಹೆ ಕೊಟ್ಟರೆ ಯಾರಿಗೂ ಪೂರ್ತಿ ಪ್ರಯೋಜನವಾಗುವುದಿಲ್ಲ. ಅಕ್ಷರ ಕಲಿಸುವುದಕ್ಕೆ ನಾವು ಕೊಡುವ ಗಮನದ ಅರ್ಧದಷ್ಟನ್ನೂ ಮಗುವಿನ ಮಾತನ್ನು ಬೆಳೆಸುವುದಕ್ಕೆ ಕೊಡುತ್ತಿಲ್ಲ ಎಂಬುದು ನನ್ನ ಆಕ್ಷೇಪ. ಇಂದು ಈ ಎರಡರ ಬಗ್ಗೆಯೂ ಮಾತನಾಡುತ್ತೇನೆ.

1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಮನೋವಿಜ್ಞಾನಿಗಳು ಓದನ್ನು ಕುರಿತು ಒಂದು ಸರಳ ಸೂತ್ರವನ್ನು ಮುಂದಿಟ್ಟರು. ಬರೆದದ್ದನ್ನು ಪದವಾಗಿ ಬಿಡಿಸಿಕೊಳ್ಳುವ ಶಕ್ತಿ ಮತ್ತು ಕೇಳಿದ ಭಾಷೆಯನ್ನು ಅರ್ಥಮಾಡಿಕೊಳ್ಳುವ ಶಕ್ತಿ, ಇವೆರಡರ ಗುಣಲಬ್ಧವೇ ಓದಿನ ಗ್ರಹಿಕೆ ಎಂದು ಅದು ಹೇಳುತ್ತದೆ. ಅವರು ಕೂಡುವ ಬದಲು ಗುಣಿಸಿದ್ದಾರೆ ಎಂಬುದೇ ಇಲ್ಲಿ ಮುಖ್ಯ. ಕೂಡುವ ಲೆಕ್ಕವಾಗಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತಿತ್ತು. ಗುಣಿಸುವ ಲೆಕ್ಕದಲ್ಲಿ ಎರಡರಲ್ಲಿ ಒಂದು ಸೊನ್ನೆಯಾದರೂ ಫಲ ಸೊನ್ನೆಯೇ. ಮೇಲೆ ಹೇಳಿದ ಹುಡುಗನಿಗೆ ಎರಡನೆಯದು ಚೆನ್ನಾಗಿದೆ, ಮೊದಲನೆಯದು ಇಲ್ಲ; ಹುಡುಗಿಗೆ ಮೊದಲನೆಯದಿದೆ, ಎರಡನೆಯದು ದುರ್ಬಲ. ಓದಿನ ಸಂಶೋಧನೆ ಆಮೇಲೆ ಬಹಳ ಬೆಳೆದಿದೆ, ಈ ಸೂತ್ರಕ್ಕೆ ಅನೇಕ ತಿದ್ದುಪಡಿಗಳು ಬಂದಿವೆ. ಆದರೂ ತರಗತಿಯಲ್ಲಿ ನಿಂತು ಯೋಚಿಸುವ ಶಿಕ್ಷಕರಿಗೆ ಇದಕ್ಕಿಂತ ಉಪಯುಕ್ತವಾದ ಆರಂಭ ನನಗೆ ಕಂಡಿಲ್ಲ.

ಮೊದಲನೆಯ ಬಗೆಯ ತೊಂದರೆಯನ್ನು ಗುರುತಿಸಿ ಶತಮಾನಕ್ಕೂ ಹೆಚ್ಚು ಕಾಲವಾಯಿತು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಹದಿನಾಲ್ಕು ವರ್ಷದ ಹುಡುಗನೊಬ್ಬನ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಚುರುಕಾದ, ಕಣ್ಣಿನ ದೋಷವಿಲ್ಲದ, ಲೆಕ್ಕ ಬಲ್ಲ ಆ ಹುಡುಗನಿಗೆ ವರ್ಷಗಟ್ಟಲೆ ಪಾಠ ಹೇಳಿಸಿದರೂ ಸಣ್ಣ ಪದಗಳನ್ನು ಓದಲಾಗುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಗೆಲ್ಲ ಇವನೇ ಜಾಣನಾಗುತ್ತಿದ್ದ ಎಂದು ಅವನ ಉಪಾಧ್ಯಾಯರು ಹೇಳಿದ್ದರಂತೆ. ಆ ಕಾಲದವರು ಇದನ್ನು ಕಣ್ಣಿಗೆ ಸಂಬಂಧಿಸಿದ ನೆನಪಿನ ದೋಷವೆಂದು ಭಾವಿಸಿದ್ದರು. ಇಂದು ನಾವು ಡಿಸ್ಲೆಕ್ಸಿಯಾ ಎಂದು ಕರೆಯುವ ಈ ತೊಂದರೆಯ ಬೇರು ಹೆಚ್ಚಿನ ಮಕ್ಕಳಲ್ಲಿ ಇರುವುದು ನೋಟದಲ್ಲಲ್ಲ, ಮಾತಿನ ಧ್ವನಿಗಳನ್ನು ಮನಸ್ಸು ಬಿಡಿಸಿ, ಹಿಡಿದಿಟ್ಟುಕೊಂಡು, ಬೇಕಾದಾಗ ಹೊರತೆಗೆಯುವ ಬಗೆಯಲ್ಲಿ. ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವುದೇ ಇದರ ಲಕ್ಷಣವೆಂಬ ನಂಬಿಕೆ ಇನ್ನೂ ಹೋಗಿಲ್ಲ. ಬರವಣಿಗೆಯನ್ನು ಆಗತಾನೇ ಕಲಿಯುತ್ತಿರುವ ಬಹಳಷ್ಟು ಮಕ್ಕಳು ಸ್ವಲ್ಪ ಕಾಲ ಹಾಗೆ ಬರೆಯುತ್ತಾರೆ.

ಎರಡನೆಯ ಬಗೆಯ ತೊಂದರೆಗೆ ಇಷ್ಟು ಪ್ರಚಾರ ಸಿಕ್ಕಿಲ್ಲ. ಕಿವುಡುತನವಾಗಲಿ ಬೇರೆ ಕಾಯಿಲೆಯಾಗಲಿ ಇಲ್ಲದಿದ್ದರೂ ಮಾತೃಭಾಷೆಯನ್ನೇ ಸರಿಯಾಗಿ ಗ್ರಹಿಸಲು, ಬಳಸಲು ಕಷ್ಟಪಡುವ ಮಕ್ಕಳಿದ್ದಾರೆ. ಡೊರೊಥಿ ಬಿಷಪ್ ಅವರ ನೇತೃತ್ವದಲ್ಲಿ ಹಲವು ದೇಶಗಳ ತಜ್ಞರು 2016 ಮತ್ತು 2017ರಲ್ಲಿ ಒಮ್ಮತಕ್ಕೆ ಬಂದು ಇದನ್ನು ಭಾಷಾ ವಿಕಾಸದ ತೊಂದರೆ ಎಂಬ ಒಂದೇ ಹೆಸರಿನಡಿ ತಂದರು. ನೂರು ಮಕ್ಕಳಲ್ಲಿ ಸುಮಾರು ಏಳು ಮಂದಿಗೆ ಇದು ಇರಬಹುದೆಂಬ ಅಂದಾಜಿದೆ. ಅಂದರೆ ಮೂವತ್ತು ಮಕ್ಕಳ ತರಗತಿಯೊಂದರಲ್ಲಿ ಇಬ್ಬರು. ಇವರಲ್ಲಿ ಅನೇಕರು ಗಲಾಟೆ ಮಾಡುವುದಿಲ್ಲ, ಹೇಳಿದ್ದಕ್ಕೆ ತಲೆಯಾಡಿಸುತ್ತಾರೆ, ಪಕ್ಕದವರನ್ನು ನೋಡಿ ಪುಸ್ತಕ ತೆರೆಯುತ್ತಾರೆ. ಹೀಗಾಗಿ ಶಿಕ್ಷಕರ ಕಣ್ಣಿಗೆ ಬೀಳದೆಯೇ ಉಳಿಯುತ್ತಾರೆ.

ಹಾಗಾದರೆ ನಮ್ಮ ಮುಂದಿರುವ ಮಗುವಿನ ಕಷ್ಟ ಯಾವ ಬಗೆಯದು ಎಂದು ತಿಳಿಯುವುದು ಹೇಗೆ? ಖಚಿತವಾದ ನಿರ್ಣಯವನ್ನು ತಜ್ಞರೇ ಹೇಳಬೇಕು. ಆದರೆ ಒಂದು ಅಂದಾಜಿಗೆ ಬರುವುದಕ್ಕೆ ದೊಡ್ಡ ಪರೀಕ್ಷೆಯೇನೂ ಬೇಕಿಲ್ಲ. ಮಗುವಿನ ವಯಸ್ಸಿಗೆ ಹೊಂದುವ, ಸಮನಾದ ಕಷ್ಟದ ಎರಡು ಗದ್ಯಭಾಗಗಳನ್ನು ಆರಿಸಿ ಒಂದನ್ನು ಮಗುವೇ ಓದಲಿ, ಇನ್ನೊಂದನ್ನು ನೀವು ಓದಿ ಹೇಳಿ. ಎರಡರ ನಂತರವೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿ. ಕೇಳಿದಾಗ ಅರ್ಥವಾಗಿ ಓದಿದಾಗ ಆಗದಿದ್ದರೆ ತೊಡಕು ಅಕ್ಷರದ ಕಡೆಗಿದೆ. ಎರಡರಲ್ಲೂ ಆಗದಿದ್ದರೆ ಭಾಷೆಯ ಕಡೆಗೂ ಗಮನ ಹರಿಸಬೇಕು. ಇದಕ್ಕೂ ಮೊದಲು ಮಗುವಿನ ಕಿವಿ ಮತ್ತು ಕಣ್ಣನ್ನು ಪರೀಕ್ಷಿಸಿರಬೇಕು. ಒಂದು ಕಿವಿ ಸರಿಯಾಗಿ ಕೇಳದ ಮಗುವಿಗೆ ವರ್ಷಗಟ್ಟಲೆ ಮಂದಬುದ್ಧಿಯ ಹಣೆಪಟ್ಟಿ ಅಂಟಿದ ನಿದರ್ಶನಗಳಿವೆ.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ಮನೆಯಲ್ಲಿ 'ಹಾಲು' ಎಂಬುದಕ್ಕೆ 'ಆಲು' ಎನ್ನುವ, 'ಶಾಲೆ'ಯನ್ನು 'ಸಾಲೆ' ಎನ್ನುವ ಮಗು ಪುಸ್ತಕವನ್ನೂ ಹಾಗೆಯೇ ಓದಿದರೆ ಅದು ತನ್ನ ಆಡುನುಡಿಯಲ್ಲಿ ಸರಿಯಾಗಿಯೇ ಓದುತ್ತಿದೆ. ಅಕ್ಷರವನ್ನು ಗುರುತಿಸಿದೆ, ಪದವನ್ನು ಹಿಡಿದಿದೆ, ಅರ್ಥ ತಿಳಿದಿದೆ. ಉಚ್ಚಾರಣೆಯನ್ನು ಬೇರೆ ಸಮಯದಲ್ಲಿ ತಿದ್ದಬಹುದು. ಅದನ್ನು ಕಲಿಕೆಯ ತೊಂದರೆಯೆಂದು ದಾಖಲಿಸುವುದು ಮಗುವಿಗೂ ಆ ನುಡಿಗೂ ಮಾಡುವ ಅನ್ಯಾಯ.

ಈಗ ಅಕ್ಷರದ ಕಡೆಯ ತೊಡಕನ್ನು ನೋಡೋಣ. ನಮ್ಮ ಲಿಪಿ ಉಚ್ಚಾರಣೆಗೆ ನಿಷ್ಠವಾದುದು, ಆದ್ದರಿಂದ ಕನ್ನಡದಲ್ಲಿ ಓದು ಕಲಿಯುವುದು ಸುಲಭ ಎಂಬ ಹೆಮ್ಮೆಯ ಮಾತನ್ನು ಆಗಾಗ ಕೇಳುತ್ತೇವೆ. ಬರೆದಂತೆ ಓದಬಹುದೆಂಬುದು ಬಹುಮಟ್ಟಿಗೆ ನಿಜ. ಆದರೆ ಮಗು ಕಲಿಯಬೇಕಾದ ರೂಪಗಳ ಸಂಖ್ಯೆಯನ್ನು ಗಮನಿಸಿ. ವ್ಯಂಜನಗಳ ಕಾಗುಣಿತವನ್ನೆಲ್ಲ ಸೇರಿಸಿದರೆ ನಾನೂರಕ್ಕೂ ಹೆಚ್ಚು ರೂಪಗಳಾಗುತ್ತವೆ. ಒತ್ತಕ್ಷರಗಳು ಇದರ ಮೇಲೆ. ಸೊನಾಲಿ ನಾಗ್ ಅವರು ಕನ್ನಡ ಮಾಧ್ಯಮದ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಈ ಅಕ್ಷರಜ್ಞಾನ ಮೊದಲ ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ. ಅಕ್ಷರದೊಳಗಿನ ಬಿಡಿ ಧ್ವನಿಗಳ ಅರಿವು ಇನ್ನೂ ನಿಧಾನವಾಗಿ ಮೂಡುತ್ತದೆ. ತೊಂದರೆಯೇನೂ ಇಲ್ಲದ ಮಕ್ಕಳಿಗೇ ಇಷ್ಟು ಕಾಲ ಬೇಕಾಗುವಾಗ, ಧ್ವನಿಗಳನ್ನು ಬಿಡಿಸುವುದೇ ಕಷ್ಟವಾದ ಮಗುವಿಗೆ ಒಂದನೆಯ ತರಗತಿಯ ಕೊನೆಗೆ "ಅಕ್ಷರಗಳೆಲ್ಲ ಆಯಿತು" ಎಂದು ಮುಂದೆ ಹೋಗಿಬಿಟ್ಟರೆ ಏನಾಗಬಹುದು?

ಸಾಮಾನ್ಯವಾಗಿ ಆಗುವುದು ಇದು. ಮಗು 'ಕ ಕಾ ಕಿ ಕೀ' ಎಂದು ರಾಗವಾಗಿ ಹೇಳುತ್ತದೆ, ಆದರೆ ನಡುವಿನಿಂದ 'ಕೊ' ಒಂದನ್ನೇ ತೋರಿಸಿದರೆ ಮತ್ತೆ 'ಕ'ದಿಂದ ಶುರುಮಾಡಿ ಅಲ್ಲಿಯವರೆಗೆ ಬರುತ್ತದೆ. ಅದಕ್ಕೆ ಬಂದಿರುವುದು ರಾಗ ಮಾತ್ರ. 'ಕಿ', 'ಮಿ', 'ಸಿ' ಈ ಮೂರರಲ್ಲೂ ಕೊನೆಗೆ ಕೇಳುವ ಧ್ವನಿ ಒಂದೇ, ಆ ಧ್ವನಿಗೆ ಹಾಕುವ ಗುಡಿಸೂ ಒಂದೇ ಎಂಬುದು ಅದಕ್ಕೆ ಹೊಳೆದಿರುವುದಿಲ್ಲ. ಅದು ಹೊಳೆದ ಮಗು ಹೊಸ ವ್ಯಂಜನದ ಕಾಗುಣಿತವನ್ನು ತಾನೇ ಊಹಿಸಬಲ್ಲದು. ಹೊಳೆಯದ ಮಗು ನಾನೂರು ಚಿತ್ರಗಳನ್ನು ಒಂದೊಂದಾಗಿ ಉರುಹೊಡೆಯಬೇಕು. ಆದ್ದರಿಂದ ಕಾಗುಣಿತವನ್ನು ಅಡ್ಡಸಾಲಿನಲ್ಲಿ ಓದಿಸುವಂತೆಯೇ ಉದ್ದಸಾಲಿನಲ್ಲಿಯೂ, ಅಂದರೆ ಒಂದೇ ಸ್ವರ ಬೇರೆ ಬೇರೆ ವ್ಯಂಜನಗಳೊಡನೆ ಸೇರುವಂತೆಯೂ ಓದಿಸಬೇಕು, ಅನುಕ್ರಮವನ್ನು ಮುರಿದೂ ಕೇಳಬೇಕು.

ಇದಕ್ಕೆ ಹಿನ್ನೆಲೆಯಾಗಿ ಕಿವಿಯ ಕೆಲಸ ನಡೆಯಬೇಕು. ಪುಸ್ತಕವಿಲ್ಲದೆ, ದಿನಕ್ಕೆ ಐದು ಹತ್ತು ನಿಮಿಷ ಆಟದಂತೆ ಸಾಗುವ ಕೆಲಸವಿದು: 'ಕಮಲ'ದಲ್ಲಿ 'ಮ' ತೆಗೆದರೆ ಏನು ಉಳಿಯಿತು, 'ಮರ'ದ ಮೊದಲಿಗೆ 'ಸ' ಹಾಕಿದರೆ ಏನಾಯಿತು, 'ಕತೆ' ಮತ್ತು 'ಕತ್ತೆ' ಒಂದೇ ರೀತಿ ಕೇಳುತ್ತವೆಯೇ, 'ಬಿಡು' ಮತ್ತು 'ಬೀಡು' ಹೇಳುವಾಗ ಎಲ್ಲಿ ಉಸಿರು ಉದ್ದವಾಯಿತು ಎಂಬಂಥ ಪ್ರಶ್ನೆಗಳು. ಆದರೆ ಇದನ್ನು ಆಟದಲ್ಲೇ ನಿಲ್ಲಿಸಬಾರದು. ಲಿನೆಟ್ ಬ್ರ್ಯಾಡ್ಲಿ ಮತ್ತು ಪೀಟರ್ ಬ್ರಯಂಟ್ 1983ರಲ್ಲಿ ಪ್ರಕಟಿಸಿದ ಹೆಸರಾಂತ ಅಧ್ಯಯನದಲ್ಲಿ ಧ್ವನಿಗಳನ್ನು ವಿಂಗಡಿಸುವುದನ್ನು ಎರಡು ವರ್ಷಗಳ ಕಾಲ ಕಲಿತ ಮಕ್ಕಳು ಓದಿನಲ್ಲಿ ಮುಂದೆ ಬಂದರು. ಅವರಲ್ಲೂ ಧ್ವನಿಯ ಜೊತೆಗೆ ಪ್ಲಾಸ್ಟಿಕ್ ಅಕ್ಷರಗಳನ್ನು ಕೈಯಲ್ಲಿ ಹಿಡಿದು ಜೋಡಿಸಿದವರದ್ದೇ ಹೆಚ್ಚಿನ ಪ್ರಗತಿ. ಬಿಡಿಸಿದ ಧ್ವನಿ ಆ ಕ್ಷಣದಲ್ಲೇ ಅಕ್ಷರಕ್ಕೆ ಗಂಟುಬಿದ್ದರೆ ಓದಿಗೆ ಹೆಚ್ಚು ಒದಗುತ್ತದೆ.

ಒತ್ತಕ್ಷರಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಓದು ಮುರಿದುಬೀಳುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಇಲ್ಲಿಯೇ. ತ, ನ, ಮ, ಯ, ರ ಇವುಗಳ ಒತ್ತುಗಳಿಗೂ ಮೂಲ ಅಕ್ಷರಗಳಿಗೂ ಹೋಲಿಕೆಯೇ ಇಲ್ಲ. ಅವನ್ನು ಹೊಸ ಅಕ್ಷರಗಳೆಂದೇ ಕಲಿಸಬೇಕು. ಇನ್ನೂ ತೊಡಕಿನದು ಬರೆಯುವ ಕ್ರಮಕ್ಕೂ ನುಡಿಯುವ ಕ್ರಮಕ್ಕೂ ಇರುವ ವ್ಯತ್ಯಾಸ. 'ಶಕ್ತಿ' ಎಂದು ಬರೆದಾಗ ಗುಡಿಸು ಕೂರುವುದು ಕಕಾರದ ಮೇಲೆ, ಆದರೆ ಆ ಇಕಾರ ಕೇಳಿಸುವುದು ತಕಾರ ಮುಗಿದ ಬಳಿಕ. ಮಗು 'ಶಕಿತ' ಎಂದು ಓದಿದರೆ ಅದು ಅಜಾಗರೂಕತೆಯಲ್ಲ. ಕಣ್ಣಿಗೆ ಕಂಡ ಕ್ರಮವನ್ನು ನಿಷ್ಠೆಯಿಂದ ಪಾಲಿಸಿದೆ. 'ಸೂರ್ಯ', 'ವರ್ಷ' ಮುಂತಾದವುಗಳಲ್ಲಿ ಅರ್ಕಾವೊತ್ತು ಕೊನೆಗೆ ಬರೆಯಲ್ಪಟ್ಟು ಮೊದಲು ಉಚ್ಚರಿಸಲ್ಪಡುತ್ತದೆ. ಇಂಥ ನಿಯಮಗಳನ್ನು ಮಕ್ಕಳು ಓದುತ್ತ ಓದುತ್ತ ತಾವೇ ಹಿಡಿಯುತ್ತಾರೆಂಬ ಭರವಸೆ ಹೆಚ್ಚಿನ ಮಕ್ಕಳ ವಿಷಯದಲ್ಲಿ ಸರಿಯಾಗಬಹುದು. ಕಲಿಕೆಯ ತೊಂದರೆಯಿರುವ ಮಗುವಿಗೆ ನಿಯಮವನ್ನು ಬಾಯಿಬಿಟ್ಟು ಹೇಳಬೇಕು, ಒಂದು ಬಗೆಯ ಒತ್ತನ್ನು ಮಾತ್ರ ಆರಿಸಿಕೊಂಡು ಅದೇ ಇರುವ ಹತ್ತಾರು ಪದಗಳನ್ನು ಓದಿಸಿ ಬರೆಸಬೇಕು, ಅದು ಕೈವಶವಾದ ಮೇಲೆಯೇ ಮುಂದಿನದಕ್ಕೆ ಹೋಗಬೇಕು, ಹೋದ ಮೇಲೂ ಹಳೆಯದನ್ನು ವಾರವಾರ ಮರಳಿ ತರುತ್ತಿರಬೇಕು. ಬೇಸರದ ಕೆಲಸವೆಂದು ತೋರಬಹುದು. ಆದರೆ ಬೇಸರ ನಮಗೆ. ಗೆಲ್ಲುತ್ತಿರುವ ಮಗುವಿಗೆ ಅದು ಬೇಸರವಾಗುವುದಿಲ್ಲ.

ಅಕ್ಷರಗಳು ಬಂದ ಬಳಿಕ ಎದುರಾಗುವುದು ಉದ್ದನೆಯ ಪದಗಳು. 'ಮನೆಯಲ್ಲಿದ್ದವರಿಗೆ', 'ಓದುತ್ತಿರಲಿಲ್ಲವಂತೆ' ಎಂಬಂಥ ಪದಗಳು ನಮ್ಮಲ್ಲಿ ಪ್ರತಿ ಪುಟದಲ್ಲೂ ಇರುತ್ತವೆ. ಒಂದೊಂದು ಅಕ್ಷರವಾಗಿ ಸಾಗುವ ಮಗು ನಡುದಾರಿಯಲ್ಲೇ ದಣಿಯುತ್ತದೆ. 'ಮನೆಯಲ್ಲಿ', 'ಇದ್ದವರಿಗೆ' ಎಂದು ಅರ್ಥವಿರುವ ತುಂಡುಗಳಾಗಿ ಬಿಡಿಸಿ, ನಡುವೆ ಪೆನ್ಸಿಲ್ಲಿನಿಂದ ಗೆರೆ ಎಳೆದು ಓದುವ ಅಭ್ಯಾಸ ಮಾಡಿಸಿದರೆ ಓದೂ ಹಗುರವಾಗುತ್ತದೆ, ವಿಭಕ್ತಿ ಮತ್ತು ಕ್ರಿಯಾಪದಗಳ ತಿಳಿವಳಿಕೆಯೂ ಬೆಳೆಯುತ್ತದೆ. ವ್ಯಾಕರಣದ ಪಾಠದಲ್ಲಿ ಸಂಧಿ ಬಿಡಿಸುವುದನ್ನು ಅಂಕಕ್ಕಾಗಿ ಕಲಿಸುವ ನಾವು ಓದಿಗಾಗಿ ಕಲಿಸದಿರುವುದು ವಿಚಿತ್ರವೇ ಸರಿ.

ಓದಿನ ವೇಗದ ವಿಷಯಕ್ಕೆ ಬಂದರೆ, 1979ರಲ್ಲಿ ಜೇ ಸ್ಯಾಮ್ಯುಯೆಲ್ಸ್ ವಿವರಿಸಿದ ಮರುಓದಿನ ವಿಧಾನ ಇಂದಿಗೂ ಉಪಯೋಗಕ್ಕೆ ಬರುತ್ತದೆ. ದಿನಕ್ಕೊಂದು ಹೊಸ ಪುಟ ಓದಿಸುವ ಬದಲು ಚಿಕ್ಕದೊಂದು ಭಾಗವನ್ನು ಸರಾಗವಾಗುವವರೆಗೆ ಹಲವು ಸಲ ಓದಿಸುವುದು ಆ ವಿಧಾನ. ಮೊದಲು ದೊಡ್ಡವರು ಓದಿ ತೋರಿಸಿ, ಆಮೇಲೆ ಜೊತೆಯಲ್ಲಿ ಓದಿ, ಕೊನೆಗೆ ಮಗುವೊಂದನ್ನೇ ಬಿಟ್ಟರೆ ಇನ್ನೂ ಒಳ್ಳೆಯದು. ಗಡಿಯಾರ ಹಿಡಿದು ಹೆದರಿಸಬೇಕಾಗಿಲ್ಲ.

ಇನ್ನು ಭಾಷೆಯ ಕಡೆಯ ತೊಡಕು. ಓದಿದ್ದು ಅರ್ಥವಾಗದ ಮಗುವಿಗೆ ಇನ್ನಷ್ಟು ಓದಿಸಿ, ಇನ್ನಷ್ಟು ಪ್ರಶ್ನೋತ್ತರ ಬರೆಸುವುದು ನಮ್ಮ ರೂಢಿ. ಇದಕ್ಕೆ ಉತ್ತರವೆಂಬಂತೆ 2010ರಲ್ಲಿ ಪೌಲಾ ಕ್ಲಾರ್ಕ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ನಡೆಸಿದ ಪ್ರಯೋಗವೊಂದು ಪ್ರಕಟವಾಯಿತು. ಸರಾಗವಾಗಿ ಓದಬಲ್ಲ, ಆದರೆ ಗ್ರಹಿಕೆಯಲ್ಲಿ ಹಿಂದುಳಿದ ಎಂಟು ಒಂಬತ್ತು ವರ್ಷದ ಮಕ್ಕಳನ್ನು ಗುಂಪುಗಳಾಗಿ ಮಾಡಿ, ಒಂದು ಗುಂಪಿಗೆ ಪಠ್ಯವನ್ನು ಓದಿ ಅರ್ಥಮಾಡಿಕೊಳ್ಳುವ ತಂತ್ರಗಳನ್ನು, ಇನ್ನೊಂದಕ್ಕೆ ಪುಸ್ತಕವಿಲ್ಲದೆ ಬರೀ ಮಾತಿನ ಭಾಷೆಯನ್ನು, ಮತ್ತೊಂದಕ್ಕೆ ಎರಡನ್ನೂ ಬೆರೆಸಿ 20 ವಾರ ಕಲಿಸಿದರು. ಪಾಠವಿಲ್ಲದೆ ಕಾದಿದ್ದ ಮಕ್ಕಳಿಗಿಂತ ಮೂರೂ ಗುಂಪುಗಳು ಮುಂದೆ ಬಂದವು. ಆದರೆ ಪಾಠ ನಿಂತು 11 ತಿಂಗಳಾದ ಮೇಲೆ ಮತ್ತೆ ಅಳೆದಾಗ ಹೆಚ್ಚು ಮುಂದೆ ಹೋಗಿದ್ದದ್ದು ಮಾತಿನ ಭಾಷೆಯನ್ನು ಕಲಿತ ಗುಂಪು. ಓದಿನ ಗ್ರಹಿಕೆಯನ್ನು ಅಳೆದಾಗ ಪುಸ್ತಕ ಮುಟ್ಟದ ಗುಂಪು ಗೆದ್ದಿತೆಂಬುದನ್ನು ನಮ್ಮ ವೇಳಾಪಟ್ಟಿಗಳನ್ನು ತಯಾರಿಸುವವರು ಸ್ವಲ್ಪ ಯೋಚಿಸಬೇಕು.

ಮಾತಿನ ಭಾಷೆಯನ್ನು ಕಲಿಸುವುದೆಂದರೆ ಮಗುವಿನೊಡನೆ ಸುಮ್ಮನೆ ಹರಟುವುದಲ್ಲ. ಕಥೆ ಓದಿ ಹೇಳುವಾಗ ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುವುದು, ಮಗು "ನಾಯಿ ಓಡ್ತು" ಎಂದರೆ "ಹೌದು, ಗುಡುಗಿಗೆ ಹೆದರಿ ನಾಯಿ ಓಡಿಹೋಯಿತು" ಎಂದು ಅದರ ಮಾತನ್ನೇ ಬೆಳೆಸಿ ಹೇಳುವುದು, ಮುಂದಿನ ಸಲ ಆ ಪುಟವನ್ನು ಮಗುವೇ ಹೇಳುವಂತೆ ಬಿಡುವುದು, ಇವು ಸಂವಾದದ ಓದು ಎಂಬ ಕ್ರಮದಲ್ಲಿ ಬರುತ್ತವೆ. 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ತೋರಿಸಿದಂತೆ, ಚಿತ್ರಪುಸ್ತಕವನ್ನು ಹೀಗೆ ಓದಲು ತಂದೆತಾಯಿಗಳಿಗೆ ಅಲ್ಪ ತರಬೇತಿ ಕೊಟ್ಟರೂ ಒಂದು ತಿಂಗಳೊಳಗೆ ಮಕ್ಕಳ ಮಾತಿನಲ್ಲಿ ಬದಲಾವಣೆ ಕಂಡಿತು. "ಇದರ ಬಣ್ಣ ಯಾವುದು?" ಎಂಬ ಪ್ರಶ್ನೆಗೆ ಒಂದೇ ಪದದ ಉತ್ತರ ಸಾಕು. "ಅವಳು ಬಾಗಿಲು ತೆರೆಯದೆ ಏಕೆ ನಿಂತಳು?" ಎಂಬ ಪ್ರಶ್ನೆಗೆ 'ಏಕೆಂದರೆ' ಎಂದು ಆರಂಭವಾಗುವ ಪೂರ್ಣ ವಾಕ್ಯವೇ ಬೇಕು.

ಹೊಸ ಪದಗಳನ್ನು ಕಲಿಸುವಾಗ ಸಮಾನಾರ್ಥಕವೊಂದನ್ನು ಕಪ್ಪುಹಲಗೆಯ ಮೇಲೆ ಬರೆದು ಕೈತೊಳೆದುಕೊಳ್ಳುವುದನ್ನು ಬಿಡಬೇಕು. ವಾರಕ್ಕೆ ಆರೇಳು ಪದ ಸಾಕು. ಆದರೆ ಪ್ರತಿಯೊಂದನ್ನೂ ಬೇರೆ ಬೇರೆ ಸಂದರ್ಭಗಳಲ್ಲಿ ಕೇಳಿಸಬೇಕು, ಮಗುವಿನ ಬಾಯಲ್ಲಿ ಹೇಳಿಸಬೇಕು. 'ಹಿಂಜರಿ' ಎಂಬ ಪದ ಬಂದರೆ ಯಾವಾಗ ನೀನು ಹಿಂಜರಿದಿದ್ದೆ, ಹಿಂಜರಿಯುವುದಕ್ಕೂ ಹೆದರುವುದಕ್ಕೂ ಏನು ಅಂತರ ಎಂದು ಮಾತನಾಡಿಸಬೇಕು. 'ಆದ್ದರಿಂದ', 'ಆದರೂ', 'ಅಷ್ಟರಲ್ಲಿ' ಎಂಬ ಜೋಡಣೆಯ ಪದಗಳನ್ನು ನಾವು ಕಲಿಸುವುದೇ ಇಲ್ಲ, ಎಲ್ಲರಿಗೂ ಗೊತ್ತೆಂದುಕೊಳ್ಳುತ್ತೇವೆ. ವಿಜ್ಞಾನದ ಪಾಠ ಅರ್ಥವಾಗದಿರುವುದಕ್ಕೆ ಎಷ್ಟೋ ಸಲ ಇವೇ ಕಾರಣ. ಪುಸ್ತಕದ ಕನ್ನಡವೂ ಮನೆಯ ಕನ್ನಡವೂ ಬೇರೆ ಬೇರೆಯಾಗಿರುವುದರಿಂದ ನಮ್ಮ ಮಕ್ಕಳಿಗೆ ಒಂದು ಹೆಚ್ಚಿನ ಹೊರೆಯಿದೆ. 'ಹೋಗ್ತೀನಿ' ಎನ್ನುವ ಮಗುವಿಗೆ 'ಹೋಗುತ್ತೇನೆ' ಎಂಬುದು ಓದುವಾಗಲೇ ಮೊದಲ ಸಲ ಎದುರಾಗಬಾರದು. ಓದಿ ಹೇಳಿದ ಕಥೆಗಳ ಮೂಲಕ ಅದು ಕಿವಿಗೆ ಮೊದಲೇ ಪರಿಚಿತವಾಗಿರಬೇಕು.

ಗ್ರಹಿಕೆಗೆ ವಿಷಯಜ್ಞಾನವೂ ಬೇಕು. 1988ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ ಬೇಸ್‌ಬಾಲ್ ಆಟದ ವರ್ಣನೆಯನ್ನು ಮಕ್ಕಳಿಂದ ಓದಿಸಿ ಏನಾಯಿತೆಂದು ಹೇಳಿಸಿದರು. ಓದಿನಲ್ಲಿ ಹಿಂದಿದ್ದರೂ ಆ ಆಟವನ್ನು ಚೆನ್ನಾಗಿ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟವನ್ನು ಅರಿಯದ ಮಕ್ಕಳಿಗಿಂತ ಚೆನ್ನಾಗಿ ವಿವರಿಸಿದರು. ಓದಿನ ವಿಶೇಷ ಪಾಠಕ್ಕೆಂದು ಮಗುವನ್ನು ವಿಜ್ಞಾನ, ಸಮಾಜದ ತರಗತಿಗಳಿಂದ ಎಬ್ಬಿಸಿಕೊಂಡು ಹೋಗುವ ಪದ್ಧತಿ ಈ ಕಾರಣಕ್ಕೇ ನನಗೆ ಒಪ್ಪಿಗೆಯಿಲ್ಲ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಂತಾಗುತ್ತದೆ.

ಮಾರುಕಟ್ಟೆಯಲ್ಲಿರುವ ಪರಿಹಾರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮಗಳಿಂದ ಡಿಸ್ಲೆಕ್ಸಿಯಾ ಗುಣವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಹಾಗೂ ನೇತ್ರವೈದ್ಯರ ಸಂಘಟನೆಗಳು 2009ರಲ್ಲೇ ಜಂಟಿಯಾಗಿ ಹೇಳಿವೆ. ದುಬಾರಿ ಎಂಬ ಕಾರಣಕ್ಕೇ ಒಂದು ಚಿಕಿತ್ಸೆಯನ್ನು ನಂಬುವ ಪೋಷಕರ ಸಂಕಟ ನನಗೆ ಅರ್ಥವಾಗುತ್ತದೆ. ಆ ಹಣದಲ್ಲಿ ಮಕ್ಕಳ ಪುಸ್ತಕಗಳನ್ನು ಕೊಳ್ಳಬಹುದು.

ತಡಮಾಡುವುದರ ಬೆಲೆಯನ್ನು ಮಾತ್ರ ಹೇಳಲೇಬೇಕು. ಓದು ಬಂದ ಮಗು ಹೆಚ್ಚು ಓದುತ್ತದೆ, ಓದಿದಂತೆ ಪದಗಳೂ ತಿಳಿವೂ ಬೆಳೆದು ಓದು ಇನ್ನೂ ಸುಲಭವಾಗುತ್ತದೆ. ಓದು ಬಾರದ ಮಗು ಪುಸ್ತಕದಿಂದ ದೂರ ಸರಿಯುತ್ತದೆ, ಸರಿದಂತೆ ಅದರ ಭಾಷೆಯೂ ಬಡವಾಗುತ್ತದೆ. ಕೀತ್ ಸ್ಟಾನೋವಿಚ್ 1986ರಲ್ಲಿ ಬರೆದ ಲೇಖನದಲ್ಲಿ ಈ ಸುರುಳಿಯನ್ನು ವಿವರಿಸಿದ್ದಾರೆ. ಅಂದರೆ ಅಕ್ಷರದ ತೊಡಕಷ್ಟೇ ಇದ್ದ ಮಗುವಿಗೆ ಕೆಲವು ವರ್ಷಗಳಲ್ಲಿ ಭಾಷೆಯ ಕೊರತೆಯೂ ಸೇರಿಕೊಳ್ಳಬಹುದು. ಅದನ್ನು ತಡೆಯುವ ನೇರ ದಾರಿ, ಅಕ್ಷರಾಭ್ಯಾಸ ನಡೆಯುತ್ತಿರುವಾಗಲೇ ಮಗುವಿನ ವಯಸ್ಸಿಗೂ ಬುದ್ಧಿಗೂ ತಕ್ಕ ಪುಸ್ತಕಗಳನ್ನು ನಾವು ಓದಿ ಹೇಳುತ್ತಿರುವುದು, ಧ್ವನಿಮುದ್ರಿತ ಪುಸ್ತಕಗಳನ್ನು ಕೇಳಿಸುವುದು. ಹತ್ತು ವರ್ಷದ ಮಗುವಿಗೆ ಅಕ್ಷರ ಬರುವುದಿಲ್ಲವೆಂದು ಐದು ವರ್ಷದವರ ಕಥೆ ಹೇಳಬೇಡಿ. ಇಡೀ ತರಗತಿಯ ಮುಂದೆ ನಿಲ್ಲಿಸಿ ಗಟ್ಟಿಯಾಗಿ ಓದಿಸಬೇಡಿ. ಓದಿಸಲೇಬೇಕಾದರೆ ಯಾವ ಭಾಗವೆಂದು ಹಿಂದಿನ ದಿನವೇ ತಿಳಿಸಿ ಅಭ್ಯಾಸಕ್ಕೆ ಬಿಡಿ.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೊದಲನೆಯದು: ಮಾತಿನಲ್ಲಿ ಹಿಂದಿರುವ ಮಗುವಿಗೆ ಮನೆಯಲ್ಲಿ ಒಂದೇ ಭಾಷೆ ಇಟ್ಟುಕೊಳ್ಳಬೇಕೆ? ಎರಡು ಭಾಷೆಗಳನ್ನು ಕೇಳುವುದರಿಂದ ಭಾಷಾ ತೊಂದರೆ ಹುಟ್ಟುವುದಿಲ್ಲ. ಶಾಲೆಯ ಭಾಷೆ ಚೆನ್ನಾಗಿ ಬರಲಿ ಎಂದು ಮನೆಮಾತನ್ನು ಬಿಟ್ಟು, ತಮಗೇ ಸರಿಯಾಗಿ ಬಾರದ ಭಾಷೆಯಲ್ಲಿ ತುಂಡು ತುಂಡಾಗಿ ಮಾತನಾಡುವ ತಂದೆತಾಯಿಗಳು ಮಗುವಿಗೆ ಸಿಗಬೇಕಾದ ಸಮೃದ್ಧ ಭಾಷೆಯನ್ನೇ ಕಡಿಮೆ ಮಾಡುತ್ತಾರೆ. ನಿಮಗೆ ಯಾವ ಭಾಷೆಯಲ್ಲಿ ಕಥೆ ಹೇಳಲು, ಬೈಯಲು, ನಗಿಸಲು ಬರುತ್ತದೆಯೋ ಅದರಲ್ಲೇ ಮಾತನಾಡಿ. ಮಗುವಿನ ತೊಂದರೆ ಭಾಷೆಯದ್ದೇ ಹೌದೆ ಎಂದು ತಿಳಿಯಲು ವಾಕ್ ಮತ್ತು ಭಾಷಾ ತಜ್ಞರ ಬಳಿ ಹೋದಾಗ ಎರಡೂ ಭಾಷೆಗಳಲ್ಲಿ ಅದು ಹೇಗೆ ಮಾತನಾಡುತ್ತದೆಂದು ತಿಳಿಸಿ. ನಿಜವಾದ ಭಾಷಾ ತೊಂದರೆಯಾದರೆ ಅದು ಎರಡರಲ್ಲೂ ಕಾಣುತ್ತದೆ.

ಎರಡನೆಯ ಪ್ರಶ್ನೆ ಹೈಸ್ಕೂಲಿಗೆ ಬಂದಿದ್ದರೂ ಸರಿಯಾಗಿ ಓದಲಾಗದ ಮಗನ ತಾಯಿಯದು: ಈಗ ತಡವಾಯಿತೆ? ತಡವಾಗಿದೆ, ಆದರೆ ಅವಧಿ ಮೀರಿಲ್ಲ. ಈ ವಯಸ್ಸಿನಲ್ಲೂ ಒತ್ತಕ್ಷರಗಳನ್ನು, ಪದಗಳನ್ನು ಬಿಡಿಸುವ ಕ್ರಮವನ್ನು ವ್ಯವಸ್ಥಿತವಾಗಿ ಕಲಿಸಿದರೆ ಓದು ಸುಧಾರಿಸುತ್ತದೆ. ಚಿಕ್ಕಂದಿನಲ್ಲಿ ಬೇಕಾಗುತ್ತಿದ್ದುದಕ್ಕಿಂತ ಹೆಚ್ಚು ಗಂಟೆಗಳು ಬೇಕು, ವೇಗ ಕಡಿಮೆಯೇ ಉಳಿಯಬಹುದು. ಬಾಲಪಾಠದ ಪುಸ್ತಕ ಕೊಟ್ಟು ಅವನನ್ನು ನಾಚಿಸಬೇಡಿ. ಅವನಿಗೆ ಆಸಕ್ತಿಯಿರುವ ಆಟದ ಸುದ್ದಿಯನ್ನೋ ಯಂತ್ರದ ವಿವರಣೆಯನ್ನೋ ಸರಳ ವಾಕ್ಯಗಳಲ್ಲಿ ಬರೆದುಕೊಡಿ. ಜೊತೆಗೆ, ಓದು ಸುಧಾರಿಸಲಿ ಆಮೇಲೆ ನೋಡೋಣ ಎಂದು ಕಾಯದೆ, ಪಾಠಗಳನ್ನು ಧ್ವನಿಮುದ್ರಿಸಿ ಕೇಳಿಸಲು, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಅಥವಾ ಪ್ರಶ್ನೆಗಳನ್ನು ಓದಿ ಹೇಳುವವರ ಸಹಾಯ ಪಡೆಯಲು ಈ ವರ್ಷವೇ ಶಾಲೆಯೊಡನೆ ಮಾತನಾಡಿ. ಅದಕ್ಕೆ ಬೇಕಾದ ಪರೀಕ್ಷೆ, ಪ್ರಮಾಣಪತ್ರಗಳು ಕೈಸೇರಲು ಕಾಲ ಹಿಡಿಯುವುದರಿಂದ ವಾರ್ಷಿಕ ಪರೀಕ್ಷೆಯ ಹೊಸ್ತಿಲಲ್ಲಿ ಆರಂಭಿಸಿದರೆ ಅವು ಉಪಯೋಗಕ್ಕೆ ಬರುವುದಿಲ್ಲ.